ಗೋಡೆ ಮೇಲಿನ ಆಟ, ನೆಲದ ಮೇಲಿನ ಆಟ

ಭಾಗ 1: ಮೊದಲು ಗೆರೆ

ಕಬಡ್ಡಿ ಮ್ಯಾಚ್ ಶುರು ಆಗೋಕೆ ಮುಂಚೆ ಮೊದಲನೇ ಕೆಲಸ ಯಾವುದು, ಹೇಳ್ರಿ ನೋಡೋಣ. ಟಾಸ್ ಅಲ್ಲ. ವಾರ್ಮ್ ಅಪ್ ಅಲ್ಲ. ಇಬ್ಬರು ಹಗ್ಗ ಬಿಗಿಯಾಗಿ ಹಿಡೀತಾರೆ, ಇನ್ನೊಬ್ಬರು ಸುಣ್ಣದ ಪುಡಿ ಉದುರಿಸ್ತಾ ಹೋಗ್ತಾರೆ. ಗಂಡಸರ ಅಂಕಣ ಆದರೆ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುವೆ ಒಂದು ಗೆರೆ. ಅಲ್ಲಿಂದ 3.75 ಮೀಟರ್‌ಗೆ ಬಾಕ್ ಲೈನ್, ಅದರಿಂದ ಒಂದು ಮೀಟರ್ ಆಚೆ ಬೋನಸ್ ಲೈನ್. ಈ ಗೆರೆಗಳು ಬೀಳೋವರೆಗೂ ಅದು ಬರೀ ಬಯಲು. ದನ ಮೇಯಬಹುದು, ಬೈಕ್ ನಿಲ್ಲಿಸಬಹುದು. ಗೆರೆ ಬಿದ್ದ ಕೂಡಲೇ ಅದೇ ಮಣ್ಣಲ್ಲಿ ಗೆಲುವು ಹುಟ್ಟುತ್ತೆ, ಸೋಲು ಹುಟ್ಟುತ್ತೆ, ಜಗಳವೂ ಹುಟ್ಟುತ್ತೆ.

ಶಾಲೆಯಲ್ಲಿ ಡ್ರಾಯಿಂಗ್ ಪಿರಿಯಡ್ಡು, ಪಿಟಿ ಪಿರಿಯಡ್ಡು ಎರಡೂ ಬೇರೆ ಬೇರೆ. ಪರೀಕ್ಷೆ ಹತ್ರ ಬಂದಾಗ ಎರಡನ್ನೂ ಗಣಿತದವರು ತಗೊಳ್ತಾರೆ, ಅಷ್ಟೇ ಅವೆರಡಕ್ಕೂ ಇರೋ ಸಂಬಂಧ ಅಂತ ನಾವು ಅಂದ್ಕೊಂಡಿರ್ತೀವಿ. ಆದರೆ ಇತಿಹಾಸ ನೋಡಿದ್ರೆ ಚಿತ್ರ ಮತ್ತು ಆಟ ಒಂದೇ ಮನೇಲಿ ಬೆಳೆದ ಅಣ್ಣತಮ್ಮಂದಿರ ಥರ ಕಾಣ್ತವೆ. ಅದಕ್ಕೆ ಪುರಾವೆ ನಮ್ಮ ಪಕ್ಕದಲ್ಲೇ ಇದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ನಾವು ಈ ಐದು ತಾಲ್ಲೂಕಿನವರು. ಆರನೇದು ಹೊಸಪೇಟೆ, ಅಲ್ಲೇ ಹಂಪಿ. 2021ರಿಂದ ಈ ಆರೂ ಸೇರಿ ವಿಜಯನಗರ ಜಿಲ್ಲೆ.

ಈ ಸರಣಿಯಲ್ಲಿ ಎರಡು ಥರದ ಚಿತ್ರ ನೋಡೋಣ. ಒಂದು, ಆಟವನ್ನು ತೋರಿಸೋ ಚಿತ್ರ. ಅದು ಗೋಡೆ ಮೇಲಿರುತ್ತೆ. ಇನ್ನೊಂದು, ತಾನೇ ಆಟವಾಗಿರೋ ಚಿತ್ರ. ಅದು ನೆಲದ ಮೇಲಿರುತ್ತೆ. ಮೊದಲನೇದರ ಮುಂದೆ ನಿಂತು ಎಲ್ಲರೂ ಸೆಲ್ಫಿ ತಗೀತಾರೆ. ಎರಡನೇದನ್ನ ತುಳ್ಕೊಂಡು ಹೋಗ್ತಾರೆ.

ಭಾಗ 2: ದಿಬ್ಬದ ಮೇಲಿನ ಜಟ್ಟಿಗಳು

ಹಂಪಿಯ ಮಹಾನವಮಿ ದಿಬ್ಬ ನೋಡದವರು ನಮ್ಮಲ್ಲಿ ಕಡಿಮೆ. ಟೂರ್‌ನಲ್ಲಿ ಓಡ್ತಾ ಮೆಟ್ಟಿಲು ಹತ್ತಿ, ಮೇಲೆ ನಿಂತು ಗ್ರೂಪ್ ಫೋಟೊ ತಗೊಂಡು ಇಳಿದಿರ್ತೀರಿ. ಮುಂದಿನ ಸಲ ಹೋದಾಗ ಹತ್ತಬೇಡ್ರಿ, ಮೊದಲು ಸುತ್ತು ಹಾಕ್ರಿ. ದಿಬ್ಬದ ಬದಿಗಳಲ್ಲಿ ಸಾಲು ಸಾಲು ಉಬ್ಬುಶಿಲ್ಪ ಇದೆ. ಆನೆ, ಕುದುರೆ, ಬೇಟೆ, ಕುಣಿಯೋರು, ಪರದೇಶದ ಟೋಪಿಯವರು. ಅವರ ನಡುವೆ ಒಬ್ಬರನ್ನೊಬ್ಬರು ಹಿಡ್ಕೊಂಡ ಕುಸ್ತಿ ಜಟ್ಟಿಗಳು.

ಇವನ್ನ ಕೆತ್ತಿದ್ದು ಸುಮ್ಮನೆ ಅಂದಕ್ಕಲ್ಲ. ಈ ದಿಬ್ಬದ ಮುಂದೆ ಮಹಾನವಮಿ ಹಬ್ಬದಲ್ಲಿ ನಿಜವಾಗಿಯೂ ಕುಸ್ತಿ ನಡೀತಿತ್ತು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ, ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅದನ್ನ ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ. ಅವನ ವಿವರ ಓದಿದ್ರೆ ಮೈ ಜುಮ್ಮೆನ್ನುತ್ತೆ. ಹಲ್ಲು ಉದುರೋ ಹಾಗೆ, ಕಣ್ಣು ಹೋಗೋ ಹಾಗೆ, ಮುಖದ ಗುರುತೇ ಸಿಗದ ಹಾಗೆ ಹೊಡೆತ ಬೀಳ್ತಿತ್ತಂತೆ. ಆದರೆ ಅದು ಬರೀ ಹೊಡೆದಾಟ ಆಗಿರಲಿಲ್ಲ. ಜಟ್ಟಿಗಳಿಗೆ ನಾಯಕರಿದ್ದರು. ಇಬ್ಬರನ್ನೂ ಸಮನಾಗಿ ನಿಲ್ಲಿಸೋಕೆ, ಗೆದ್ದವನಿಗೆ ಗೌರವ ಕೊಡೋಕೆ ತೀರ್ಪುಗಾರರಿದ್ದರು. ಅಂದ್ರೆ 500 ವರ್ಷದ ಹಿಂದೆ ನಮ್ಮ ಪಕ್ಕದ ತಾಲ್ಲೂಕಿನಲ್ಲಿ ರೆಫ್ರಿ ಇದ್ದ ಪಂದ್ಯ ನಡೀತಿತ್ತು.

ಈಗ ಇದನ್ನ ಯೋಚಿಸ್ರಿ. ಕಣದಲ್ಲಿ ಕುಸ್ತಿ, ಅದರ ಹಿಂದೆ ಕಲ್ಲಿನಲ್ಲೂ ಕುಸ್ತಿ. ಇವತ್ತು ಸ್ಟೇಡಿಯಂನಲ್ಲಿ ಮ್ಯಾಚ್ ನಡೆಯುವಾಗಲೇ ದೊಡ್ಡ ಸ್ಕ್ರೀನ್ ಮೇಲೂ ಅದೇ ಆಟ ಕಾಣುತ್ತಲ್ಲ, ಹಾಗೆ. ವ್ಯತ್ಯಾಸ ಒಂದೇ. ಸ್ಕ್ರೀನ್ ಆಫ್ ಆಗುತ್ತೆ, ಕಲ್ಲು ಆಫ್ ಆಗಿಲ್ಲ.

ಭಾಗ 3: ಯಾರಿಗೆ ಗೋಡೆ, ಯಾರಿಗೆ ಹೆಸರು

ಪಾಯಸ್ ರಾಜನ ಬೆಳಗಿನ ಕಸರತ್ತನ್ನೂ ಬರೆದಿದ್ದಾನೆ. ಕೃಷ್ಣದೇವರಾಯ ಬೆಳಕು ಹರಿಯೋಕೆ ಮುಂಚೆ ಎದ್ದು ಎಳ್ಳೆಣ್ಣೆ ಕುಡೀತಿದ್ದ, ಮೈಗೆಲ್ಲ ಅದೇ ಎಣ್ಣೆ ಹಚ್ಚಿಕೊಳ್ತಿದ್ದ. ಆಮೇಲೆ ಮಣ್ಣಿನಲ್ಲಿ ಮಾಡಿದ ದೊಡ್ಡ ಭಾರ ಎತ್ತೋದು, ಎಣ್ಣೆಯೆಲ್ಲ ಬೆವರಾಗಿ ಇಳಿಯೋವರೆಗೂ ಕತ್ತಿ ತಿರುಗಿಸೋದು, ಒಬ್ಬ ಜಟ್ಟಿಯ ಜೊತೆ ಕುಸ್ತಿ, ಕೊನೆಗೆ ಕುದುರೆ ಸವಾರಿ. ಅದೆಲ್ಲ ಮುಗಿಯೋ ಹೊತ್ತಿಗೆ ಬೆಳಗಾಗ್ತಿತ್ತು. ಜಿಮ್ ರೀಲ್ಸ್ ಹಾಕೋರು ಒಮ್ಮೆ ಇದನ್ನ ಓದ್ಬೇಕು.

ಅವನ ನಂತರ, 1535ರ ಸುಮಾರಿಗೆ ಬರೆದ ಫೆರ್ನಾವೊ ನೂನಿಜ್ ಇನ್ನೊಂದು ಮಾತು ಸೇರಿಸ್ತಾನೆ: ಅರಮನೆಯಲ್ಲಿ ಕುಸ್ತಿ ಆಡೋ ಹೆಂಗಸರೂ ಇದ್ದರು. ಹೌದು, ಹೆಣ್ಣು ಜಟ್ಟಿಗಳು. ಅವನು ಅವರ ಜೊತೆಗೇ ಲೆಕ್ಕ ಬರೆಯೋ ಹೆಂಗಸರನ್ನೂ ಹೇಳ್ತಾನೆ. ಹುಡುಗಿಯರಿಗೆ ಯಾಕೆ ಕುಸ್ತಿ ಅಂತ ಯಾರಾದ್ರೂ ಕೇಳಿದ್ರೆ ಈ ಪೋಸ್ಟ್ ಕಳಿಸ್ರಿ.

ಆದರೆ ಆ ಹೆಣ್ಣು ಜಟ್ಟಿಗಳ ಹೆಸರು ನೂನಿಜ್ ಕೊಟ್ಟಿಲ್ಲ. ಕಣದಲ್ಲಿ ಹಲ್ಲು ಕಳ್ಕೊಂಡವರ ಹೆಸರು ಪಾಯಸ್ ಕೊಟ್ಟಿಲ್ಲ. ಕಲ್ಲಿನ ಆ ಹಿಡಿತ ನೋಡ್ರಿ. ತೂಕ ಯಾವ ಕಾಲಿನ ಮೇಲೆ ಬೀಳುತ್ತೆ, ಭುಜ ಎಲ್ಲಿ ತಿರುಗುತ್ತೆ ಅಂತ ಗೊತ್ತಿರೋ ಶಿಲ್ಪಿಗೆ ಮಾತ್ರ ಅದು ಸಾಧ್ಯ. ಅವನು ಕುಸ್ತಿಯನ್ನ ಹತ್ತಿರದಿಂದ ನೋಡಿದವನೇ ಇರಬೇಕು. ಅವನ ಹೆಸರೂ ಅಲ್ಲಿಲ್ಲ. ಉಳಿದದ್ದು ರಾಜನ ಹೆಸರು ಮಾತ್ರ.

ಇದಕ್ಕೆ ವಿರುದ್ಧವಾದ ಒಂದು ಕಲ್ಲು ಕರ್ನಾಟಕದಲ್ಲೇ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು, 10ನೇ ಶತಮಾನದ ಮಧ್ಯದ್ದು. ಕಾಳಿ ಅನ್ನೋ ಬೇಟೆನಾಯಿ ಕಾಡುಹಂದಿ ಜೊತೆ ಸೆಣಸಿ ಎರಡೂ ಸತ್ತವು. ಗಂಗರಾಜ ಬೂತುಗನ ಕಡೆಯ ವೀರ ಮಣಲೇರ ಆ ನಾಯಿಗಾಗಿ ಕಲ್ಲು ನಿಲ್ಲಿಸಿದ. ನಾಯಿ, ಹಂದಿ ಕಾದಾಡೋ ಚಿತ್ರವೂ ಇದೆ, ನಾಯಿಯ ಹೆಸರೂ ಇದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಸಾವಿರ ವರ್ಷದ ನಂತರವೂ ಒಂದು ನಾಯಿಯನ್ನ ನಾವು ಹೆಸರು ಹಿಡಿದು ಕರೀತೀವಿ, ದಿಬ್ಬದ ಜಟ್ಟಿಯನ್ನ ಕರೆಯೋಕೆ ಆಗಲ್ಲ. ಯಾರೋ ಒಬ್ಬರಿಗೆ ನೆನಪಿಡಬೇಕು ಅನ್ನಿಸಿತ್ತು, ಅದೇ ಕಾರಣ.

ಭಾಗ 4: ಕುರುವತ್ತಿಯಿಂದ ಮಾನಸೋಲ್ಲಾಸಕ್ಕೆ

ಹಂಪಿಯಿಂದ ಈಗ ನಮ್ಮ ತಾಲ್ಲೂಕುಗಳಿಗೆ ಬರ್ರಿ, ಕಾಲದಲ್ಲೂ ಇನ್ನೊಂದು 400 ವರ್ಷ ಹಿಂದಕ್ಕೆ. ಹರಪನಹಳ್ಳಿ ಹತ್ರದ ಬಾಗಳಿ, ನೀಲಗುಂದ, ಹಡಗಲಿ ಕಡೆಯ ಹಿರೇಹಡಗಲಿ, ತುಂಗಭದ್ರೆ ದಂಡೆಯ ಕುರುವತ್ತಿ. ಈ ದೇವಸ್ಥಾನಗಳೆಲ್ಲ ಕಲ್ಯಾಣದ ಚಾಲುಕ್ಯರ ಕಾಲದ ಕೆಲಸ. ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಬಾಗಿಲ ಕಂಬದ ಮೇಲಿನ ಮದನಿಕೆಯರನ್ನ ನೋಡಿದ್ರೆ, ಮೈ ಬಳುಕೋದನ್ನ ಕಲ್ಲಿಗೆ ಕಲಿಸಿದ್ದು ಯಾರಪ್ಪಾ ಅನ್ನಿಸುತ್ತೆ.

ಕುರುವತ್ತಿಗೆ ಇನ್ನೊಂದು ಕಥೆ ಇದೆ. ಚಾಲುಕ್ಯ ಚಕ್ರವರ್ತಿ ಒಂದನೇ ಸೋಮೇಶ್ವರ, ಆಹವಮಲ್ಲ ಅನ್ನೋ ಬಿರುದಿನವನು, ವಾಸಿಯಾಗದ ಕಾಯಿಲೆ ಬಂದಾಗ 1068ರಲ್ಲಿ ಇದೇ ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ಪ್ರಾಣ ಬಿಟ್ಟ. ಅವನ ಮಗ ಆರನೇ ವಿಕ್ರಮಾದಿತ್ಯ. ಮೊಮ್ಮಗ ಮೂರನೇ ಸೋಮೇಶ್ವರ, ಸರ್ವಜ್ಞ ಚಕ್ರವರ್ತಿ ಅಂತಲೇ ಹೆಸರಾದವನು.

ಈ ಮೊಮ್ಮಗ 1130ರ ಸುಮಾರಿಗೆ ಸಂಸ್ಕೃತದಲ್ಲಿ ಒಂದು ಪುಸ್ತಕ ಮಾಡಿದ. ಹೆಸರು ಮಾನಸೋಲ್ಲಾಸ. ಐದು ಭಾಗ, ಒಂದೊಂದರಲ್ಲಿ 20 ಅಧ್ಯಾಯ, ಒಟ್ಟು ನೂರು. ರಾಜ್ಯ ನಡೆಸೋದರಿಂದ ಅಡುಗೆ ಮಾಡೋದರವರೆಗೆ ಎಲ್ಲ ಇದೆ. ನಮಗೆ ಬೇಕಾದ್ದು ಎರಡು ವಿಷಯ.

ಒಂದು, ಚಿತ್ರ. ಗೋಡೆಯನ್ನ ಹೇಗೆ ನುಣುಪು ಮಾಡಬೇಕು, ಎಮ್ಮೆ ಚರ್ಮ ಕುದಿಸಿ ವಜ್ರಲೇಪ ಅನ್ನೋ ಅಂಟು ಹೇಗೆ ತಯಾರಿಸಬೇಕು, ಕರುವಿನ ಕಿವಿಯ ಕೂದಲಿನಿಂದ ಕುಂಚ ಹೇಗೆ ಕಟ್ಟಬೇಕು ಅಂತೆಲ್ಲ ಬರೆದಿದ್ದಾನೆ.

ಎರಡು, ಆಟ. ಮಲ್ಲರನ್ನ ವಯಸ್ಸು, ಮೈಕಟ್ಟು, ಶಕ್ತಿ ನೋಡಿ ವಿಂಗಡಿಸೋದು, ಅವರ ಊಟ, ಅವರ ಅಭ್ಯಾಸ. ಕುದುರೆ ಮೇಲೆ ಕೂತು ಚೆಂಡು ಹೊಡೆಯೋ ಆಟ. ಕೋಳಿ ಕಾಳಗ, ಟಗರು ಕಾಳಗ, ಬೇಟೆ. ಆಮೇಲೆ ಚದುರಂಗ, ಪಗಡೆ, ಕವಡೆ ಆಟ.

ಇವೆರಡೂ ಒಂದೇ ಪುಸ್ತಕದಲ್ಲಿ, ಒಂದೇ ರಾಜನ ತಲೆಯಲ್ಲಿ ಇದ್ದವು. ಎರಡಕ್ಕೂ ಅಳತೆ ಬೇಕು, ಕಣ್ಣು ಬೇಕು, ದಿನಾ ಅಭ್ಯಾಸ ಬೇಕು ಅಂತ ಅವನಿಗೆ ಗೊತ್ತಿತ್ತು. ಇನ್ನೂ ಒಂದು ಚಂದದ ವಿಷಯ ಕೇಳ್ರಿ. ಚಿತ್ರಗಳ ಜಾತಿ ಹೇಳುವಾಗ ಅವನು ಧೂಳಿಚಿತ್ರ ಅಂತ ಒಂದನ್ನ ಸೇರಿಸ್ತಾನೆ. ಪುಡಿ ಉದುರಿಸಿ ನೆಲದ ಮೇಲೆ ಬರೆಯೋ ಚಿತ್ರ. ಅಂದ್ರೆ ನಮ್ಮವ್ವ ಬಾಗಿಲ ಮುಂದೆ ಹಾಕೋ ರಂಗೋಲಿ. ಹಾಗೇ ಯೋಚಿಸಿದ್ರೆ ಕಬಡ್ಡಿ ಅಂಕಣಕ್ಕೆ ಸುಣ್ಣ ಉದುರಿಸೋ ಪಿಟಿ ಮೇಷ್ಟ್ರೂ ಧೂಳಿಚಿತ್ರಗಾರರೇ!

ಭಾಗ 5: ನೆಲ ನೋಡ್ಕೊಂಡು ನಡೀರಿ

ಈಗ ನೆಲಕ್ಕೆ ಬರೋಣ. ಹಂಪಿಯ ಮಂಟಪಗಳಲ್ಲಿ, ಬಂಡೆಗಳ ಮೇಲೆ, ಮೆಟ್ಟಿಲುಗಳ ಪಕ್ಕ ಸಣ್ಣ ಸಣ್ಣ ಗೆರೆಗಳು, ಗುಳಿಗಳು ಕಾಣ್ತವೆ. ಗೈಡ್‌ಗಳು ತೋರಿಸೋದು ಕಡಿಮೆ. ಅವು ಆಟದ ಮನೆಗಳು.

ಗುರುತು ಹಿಡಿಯೋದು ಹೀಗೆ:

ತ್ರಿಕೋನದ ಮೇಲೆ ಅಡ್ಡಗೆರೆ ಎಳೆದಂಗಿದ್ರೆ ಅದು ಹುಲಿ ಕುರಿ ಆಟ. 23 ಸಂಧಿ, 3 ಹುಲಿ, 15 ಕುರಿ. ಹುಲಿ ಹಾರಿ ಕುರಿ ತಿನ್ನುತ್ತೆ, ಕುರಿಗಳು ಒಗ್ಗಟ್ಟಾಗಿ ಹುಲಿಯನ್ನ ಕಟ್ಟಿಹಾಕ್ತವೆ.

ಒಂದರೊಳಗೊಂದು ಮೂರು ಚೌಕ ಇದ್ರೆ ನವಕಂಕರಿ, ಕೆಲವು ಕಡೆ ಸಾಲು ಮನೆ ಅಂತಾರೆ. ಒಬ್ಬೊಬ್ಬರಿಗೆ 9 ಕಾಯಿ. ಇದೇ ಆಟ ಯುರೋಪಿನಲ್ಲೂ ಇದೆ.

ಐದಕ್ಕೆ ಐದು ಮನೆ, ಕೆಲವಕ್ಕೆ ಗುಣಾಕಾರದ ಗುರುತು ಇದ್ರೆ ಚೌಕಾಬಾರ. ನಾಲ್ಕು ಕವಡೆ ಎಲ್ಲ ಅಂಗಾತ ಬಿದ್ರೆ ಚೌಕ, ಎಲ್ಲ ಬೋರಲು ಬಿದ್ರೆ ಬಾರ, ಅಂದ್ರೆ 8. ಕವಡೆ ಇಲ್ಲದಿದ್ರೆ ಹುಣಸೆ ಬೀಜವನ್ನ ಒಂದು ಕಡೆ ಬೆಳ್ಳಗಾಗೋ ಹಾಗೆ ತಿಕ್ಕಿದ್ರೆ ಸಾಕು.

ಏಳೇಳು ಗುಳಿಯ ಎರಡು ಸಾಲು ಇದ್ರೆ ಅಳಗುಳಿ ಮನೆ.

ಇವನ್ನ ಕೊರೆದವರು ಯಾರು? ರಾಜ ಹೇಳಿ ಮಾಡಿಸಿದ್ದಲ್ಲ. ಹಾಗಿದ್ರೆ ಗೆರೆ ಇಷ್ಟು ಸೊಟ್ಟ ಇರ್ತಿರಲಿಲ್ಲ. ಕಾವಲು ಕಾಯೋ ಸಿಪಾಯಿ ಇರಬಹುದು, ಸಂತೆ ಮುಗಿಸಿ ನೆರಳಿಗೆ ಕೂತವರು ಇರಬಹುದು, ಜಾತ್ರೆಗೆ ಬಂದವರು, ದನ ಕಾಯೋ ಹುಡುಗರು ಇರಬಹುದು. ಕೆಲವು ಹಳೇವು, ಕೆಲವು ಹೊಸವು. ಆದರೆ ಒಂದು ಖಚಿತ: ಕೈಗೆ ಸಿಕ್ಕ ಚೂಪಾದ ವಸ್ತುವಿನಿಂದ ಗಟ್ಟಿ ಕಲ್ಲಿನ ಮೇಲೆ ಗೆರೆ ಮೂಡಿಸ್ಬೇಕಾದ್ರೆ ಆಟದ ಹುಚ್ಚು ಜೋರಾಗೇ ಇರಬೇಕು.

ಇವು ಸುಳಿವೂ ಕೊಡ್ತವೆ. ಆಟದ ಮನೆ ಇದ್ದಲ್ಲಿ ಜನ ಹೊತ್ತುಗಟ್ಟಲೆ ಕೂತಿದ್ದರು, ಅಲ್ಲಿ ನೆರಳಿತ್ತು ಅಂತ ಊಹಿಸಬಹುದು. ನಿಂತ ಗೋಡೆಯ ಕಲ್ಲಿನಲ್ಲಿ ಆಟದ ಮನೆ ಸಿಕ್ಕಿದ್ರೆ, ಆ ಕಲ್ಲು ಒಂದು ಕಾಲಕ್ಕೆ ನೆಲದಲ್ಲಿತ್ತು ಅಂತ ಅರ್ಥ. ನಿಂತ ಕಲ್ಲಿನ ಮೇಲೆ ಕಾಯಿ ನಿಲ್ಲಲ್ಲವಲ್ಲ!

ದಿಬ್ಬದ ಜಟ್ಟಿ ರಾಜನ ಹಬ್ಬದ ಚಿತ್ರ. ಇದು ಆ ಹಬ್ಬದಲ್ಲಿ ಹಿಂದೆ ನಿಂತವರ ಚಿತ್ರ, ಅವರೇ ಬರೆದದ್ದು. ನಮ್ಮಂಥೋರು.

ಭಾಗ 6: ಮೈಸೂರು, ಪ್ಯಾರಿಸ್

ನೆಲದ ಆಟ ಗೋಡೆಗೆ ಏರಿದ ಒಂದು ಉದಾಹರಣೆ ಮೈಸೂರಲ್ಲಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟದ ಹುಚ್ಚಿನವರು. ಹೊಸ ಹೊಸ ಬೋರ್ಡ್ ಆಟ ಕಟ್ಟಿದರು. ಚದುರಂಗದ ಕುದುರೆ 64 ಮನೆಯನ್ನೂ ಒಂದೊಂದೇ ಸಲ ಮೆಟ್ಟಿ ಬರೋ ಲೆಕ್ಕಗಳನ್ನ ಬಿಡಿಸಿದರು. ಜಗನ್ಮೋಹನ ಅರಮನೆಯ ಗೋಡೆಯಲ್ಲಿ ದೇವರು, ದರ್ಬಾರಿನ ಜೊತೆ ಆಟದ ಮನೆಗಳೂ ಬಣ್ಣದ ಚಿತ್ರವಾಗಿವೆ. ಅವರ ಕಾಲದ ಗಂಜೀಫಾ ಇಸ್ಪೀಟಿನ ಒಂದೊಂದು ಎಲೆಯೂ ಕೈಯಲ್ಲಿ ಬರೆದ ಪುಟ್ಟ ವರ್ಣಚಿತ್ರ. ಆಡೋಕೂ ಆಗ್ತಿತ್ತು, ಗೋಡೆಗೆ ಹಾಕೋಕೂ ಆಗ್ತಿತ್ತು. ಅರಮನೆ ಸೇರಿದ್ದರಿಂದ ಈ ಆಟಗಳಿಗೆ ಹೆಸರು, ಪುಸ್ತಕ, ಕಾವಲು ಎಲ್ಲ ಸಿಕ್ಕಿತು. ನೋಡಿದ್ರಾ, ಗೋಡೆಗೆ ಏರಿದ್ದು ಉಳೀತು.

ಹೊರದೇಶದಲ್ಲೂ ಇದೇ ಪ್ರಯತ್ನ ನಡೆದಿತ್ತು. 1912ರಿಂದ 1948ರವರೆಗೆ ಒಲಿಂಪಿಕ್ಸ್‌ನಲ್ಲಿ ಕಲೆಗೂ ಪದಕ ಕೊಡ್ತಿದ್ದರು. ಚಿತ್ರ, ಶಿಲ್ಪ, ವಾಸ್ತುಶಿಲ್ಪ, ಸಾಹಿತ್ಯ, ಸಂಗೀತ, ಐದು ವಿಭಾಗ. ಕೃತಿಗೆ ಕ್ರೀಡೆಯ ಸಂಬಂಧ ಇರಬೇಕು ಅನ್ನೋದು ಷರತ್ತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಐರ್ಲೆಂಡಿನ ಜಾಕ್ ಬಿ. ಯೇಟ್ಸ್ ಡಬ್ಲಿನ್‌ನ ಲಿಫಿ ನದಿಯ ಈಜು ಸ್ಪರ್ಧೆಯ ಚಿತ್ರಕ್ಕೆ ಬೆಳ್ಳಿ ಪಡೆದರು. ಸ್ವತಂತ್ರ ಐರ್ಲೆಂಡಿನ ಮೊದಲ ಒಲಿಂಪಿಕ್ ಪದಕ ಅದು. ಓಟಗಾರನದ್ದಲ್ಲ, ಚಿತ್ರಗಾರನದ್ದು! ಅದೇ ವರ್ಷ ಹಂಗೇರಿಯ ಆಲ್ಫ್ರೆಡ್ ಹಾಯೋಶ್ ಸ್ಟೇಡಿಯಂ ವಿನ್ಯಾಸಕ್ಕೆ ಬೆಳ್ಳಿ ಪಡೆದರು. ಅವರೇ 1896ರಲ್ಲಿ ಈಜಿನಲ್ಲಿ ಎರಡು ಚಿನ್ನ ಗೆದ್ದವರು.

ಯಾಕೆ ನಿಂತಿತು? ಆಗ ಒಲಿಂಪಿಕ್ಸ್ ಹವ್ಯಾಸಿಗಳಿಗೆ ಮಾತ್ರ ಅನ್ನೋ ನಿಯಮ ಇತ್ತು. ಕಲಾವಿದರು ಅದರಿಂದಲೇ ಹೊಟ್ಟೆ ಹೊರೆಯೋ ವೃತ್ತಿಯವರು ಅನ್ನೋ ತಕರಾರು ಬಂತು. ಹಾಗೆ ಅಣ್ಣತಮ್ಮಂದಿರ ಪಾಲಾಯ್ತು.

ನಮ್ಮ ಕಡೆ ಆ ಪಾಲು ಪೂರ್ತಿ ಆಗಿಲ್ಲ. ಹಳೇ ಗರಡಿಮನೆಗೆ ಹೋದ್ರೆ ಕೆಂಪು ಮಣ್ಣಿನ ಕಣದ ಎದುರು ಹನುಮಪ್ಪನ ಚಿತ್ರ ಇದ್ದೇ ಇರುತ್ತೆ. ಪೈಲ್ವಾನ ಮೊದಲು ಚಿತ್ರಕ್ಕೆ ಕೈ ಮುಗೀತಾನೆ, ಆಮೇಲೆ ಮಣ್ಣಿಗೆ.

ಭಾಗ 7: ಹಾಗಾದ್ರೆ ನಾವೂ ಗೀಚಬಹುದಾ?

ಇಷ್ಟು ಓದಿದ ಮೇಲೆ ಯಾರಾದ್ರೂ ಕೇಳೇ ಕೇಳ್ತೀರಿ. "ಅವರು ಕಲ್ಲು ಕೊರೆದ್ರೆ ಇತಿಹಾಸ, ನಾವು ಹೆಸರು ಕೆತ್ತಿದ್ರೆ ಕೇಸ್. ಇದ್ಯಾವ ನ್ಯಾಯ?"

ಒಳ್ಳೆ ಪ್ರಶ್ನೆ. ಹಾರಿಸೋದು ಬೇಡ.

2019ರ ಫೆಬ್ರವರಿಯಲ್ಲಿ ಹಂಪಿಯ ಒಂದು ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಯುವಕರು ಕಲ್ಲಿನ ಕಂಬ ತಳ್ಳಿ ಬೀಳಿಸ್ತಾರೆ, ಅದನ್ನ ರೆಕಾರ್ಡ್ ಮಾಡಿದ್ದಾರೆ. ಸಿಕ್ಕಿಬಿದ್ದ ನಾಲ್ವರಿಗೆ ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿ, ಬೀಳಿಸಿದ ಕಂಬವನ್ನ ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. ಅವರಿಗೂ ಅದೊಂದು ಆಟವೇ ಆಗಿತ್ತು: ಶಕ್ತಿ ತೋರಿಸೋದು, ನೋಡೋರಿಗಾಗಿ ಚಿತ್ರ ತೆಗೆಯೋದು. ಆಟವೂ ಇತ್ತು, ಚಿತ್ರವೂ ಇತ್ತು. ಆದರೂ ಅದು ಹಾಳು ಮಾಡಿದ್ದೇ.

ವ್ಯತ್ಯಾಸ ಏನು ಅಂದ್ರೆ, ಹುಲಿ ಕುರಿ ಮನೆ ಕೊರೆದವರು ಇನ್ನೊಬ್ಬರು ಬಂದು ಎದುರಿಗೆ ಕೂತ್ಕೊಳ್ಳಲಿ ಅಂತ ಕೊರೆದರು. ಆ ಗೆರೆ ಇಬ್ಬರಿಗೆ. ಅವರು ಎದ್ದು ಹೋದ ಮೇಲೆ ಬಂದವರೂ ಆಡಬಹುದು. ಹೃದಯದ ಗುರುತು, ಬಾಣ, ಹೆಸರು ಕೆತ್ತೋರ ಗೆರೆ ಒಬ್ಬರಿಗೆ ಮಾತ್ರ. ಅದು ಯಾರನ್ನೂ ಕರೆಯಲ್ಲ, "ನಾನಿದ್ದೆ" ಅಂತ ಅಷ್ಟೇ ಹೇಳುತ್ತೆ.

ಹಾಗಂತ ಹೊಸ ಆಟದ ಮನೆ ಕೊರೀರಿ ಅಂತಲ್ಲ. ಅವರ ಕಾಲಕ್ಕೆ ಅದು ದಿನ ಬಳಸೋ ಕಟ್ಟೆ, ನಮ್ಮ ಕಾಲಕ್ಕೆ ಅದು ಉಳಿದಿರೋ ಕೊನೇ ಪ್ರತಿ. ಸಂರಕ್ಷಿತ ಸ್ಮಾರಕ ಹಾಳು ಮಾಡಿದ್ರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಅಂತ ಕಾನೂನೂ ಇದೆ. ನಿಮಗೆ ಆಡ್ಬೇಕು ಅನ್ನಿಸಿದ್ರೆ ಸೀಮೆಸುಣ್ಣ ತಗೊಂಡು ಮನೆ ಕಟ್ಟೆ ಮೇಲೆ ಬರೀರಿ. ಧೂಳಿಚಿತ್ರಕ್ಕೆ ಸೋಮೇಶ್ವರನ ಒಪ್ಪಿಗೆ ಇದೆ!

ನಿಜವಾದ ಅಪಾಯ ಕಿಡಿಗೇಡಿಗಳಿಂದ ಮಾತ್ರ ಅಲ್ಲ, ಒಳ್ಳೇ ಮನಸ್ಸಿನಿಂದಲೂ ಬರುತ್ತೆ. ಊರ ಗುಡಿ ಜೀರ್ಣೋದ್ಧಾರ ಅಂತ ಹಳೇ ಚಪ್ಪಡಿ ಮೇಲೆ ಟೈಲ್ಸ್ ಕೂರಿಸ್ತಾರೆ. ಚಂದ ಕಾಣಲಿ ಅಂತ ವೀರಗಲ್ಲಿಗೆ ಆಯಿಲ್ ಪೇಂಟ್ ಬಳೀತಾರೆ. ಗೋಡೆಯ ದೇವರು ಉಳೀತಾನೆ. ನೆಲದ ಚೌಕಾಬಾರ ಸಿಮೆಂಟಿನ ಕೆಳಗೆ ಹೋಗುತ್ತೆ. ಅಲ್ಲಿ ಒಂದು ಆಟ ಇತ್ತು ಅಂತ ಹೇಳೋಕೆ ಕಮಿಟಿ ಮೀಟಿಂಗಲ್ಲಿ ಯಾರೂ ಇರಲ್ಲ, ಯಾಕಂದ್ರೆ ಅದು ಆಟ ಅಂತ ಗೊತ್ತಿರೋರೇ ಕಡಿಮೆ ಆಗ್ತಿದ್ದಾರೆ.

ಭಾಗ 8: ನಿಮ್ಮೂರಿನ ಹೋಂವರ್ಕ್

ಇನ್ನು ನಿಮ್ಮ ಸರದಿ. ಈ ಭಾನುವಾರ ನಿಮ್ಮೂರ ಹಳೇ ಗುಡಿ, ಅಗಸಿ ಕಟ್ಟೆ, ಕೋಟೆ, ಕೆರೆ ದಂಡೆಗೆ ಹೋಗ್ರಿ. ಕೂಡ್ಲಿಗಿಯವರು ಗುಡೇಕೋಟೆಗೆ, ಹರಪನಹಳ್ಳಿಯವರು ಉಚ್ಚಂಗಿದುರ್ಗಕ್ಕೆ, ಬಾಗಳಿಗೆ, ಹಡಗಲಿಯವರು ಕುರುವತ್ತಿಗೆ ಹೋಗಬಹುದು. ಕೊಟ್ಟೂರು, ಹಗರಿಬೊಮ್ಮನಹಳ್ಳಿಯವರಿಗೆ ತಮ್ಮ ಊರ ಕಟ್ಟೆಗಳೇ ಸಾಕು. ಗೋಡೆ ನೋಡಿದ್ದು ಸಾಕು, ನೆಲ ನೋಡ್ರಿ.

ಹೋಗೋ ಹೊತ್ತು ಬೆಳಿಗ್ಗೆ ಬೇಗ ಅಥವಾ ಸಂಜೆ. ಬಿಸಿಲು ಓರೆಯಾಗಿ ಬಿದ್ದಾಗ ಸಣ್ಣ ಗೆರೆಗೂ ನೆರಳು ಮೂಡುತ್ತೆ. ಮಧ್ಯಾಹ್ನ ಏನೂ ಕಾಣಲ್ಲ.

ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತಗೀರಿ, ಅಳತೆ ತಿಳಿಯುತ್ತೆ. ಹತ್ತಿರದ್ದು ಒಂದು, ಇಡೀ ಮಂಟಪ ಕಾಣೋದು ಒಂದು.

ಚೆನ್ನಾಗಿ ಕಾಣಲಿ ಅಂತ ಗೆರೆ ಮೇಲೆ ಸೀಮೆಸುಣ್ಣ, ಬಣ್ಣ, ನೀರು ಏನೂ ಹಾಕಬೇಡ್ರಿ. ಕಲ್ಲು ಕೆರೆಯಬೇಡ್ರಿ.

ಆಮೇಲೆ ಮುಖ್ಯವಾದದ್ದು. ಆ ಫೋಟೊವನ್ನ ಮನೇಲಿ ಅಜ್ಜಿಗೆ, ಕಟ್ಟೆ ಮೇಲಿನ ತಾತನಿಗೆ ತೋರಿಸ್ರಿ. "ಯಮ್ಮಾ, ಇದೇನು ಆಟ? ನೀವು ಏನಂತ ಕರೀತಿದ್ರಿ? ಹೆಂಗ ಆಡ್ತಿದ್ರಿ?" ಅಂತ ಕೇಳ್ರಿ. ಐದು ತಾಲ್ಲೂಕಿನಲ್ಲಿ ಒಂದೇ ಆಟಕ್ಕೆ ಐದು ಹೆಸರು ಸಿಕ್ಕರೂ ಸಿಗಬಹುದು. ಕಲ್ಲಿನ ಗೆರೆ ಆಟದ ಅರ್ಧ ಮಾತ್ರ. ಉಳಿದರ್ಧ, ಅಂದ್ರೆ ನಿಯಮ, ಅವರ ಬಾಯಲ್ಲಿದೆ. ಕಲ್ಲು ಇನ್ನೂ ನೂರು ವರ್ಷ ಕಾಯಬಹುದು, ಅಜ್ಜಿ ಕಾಯೋಕಾಗಲ್ಲ.

ಪೋಸ್ಟ್ ಹಾಕುವಾಗ ಊರಿನ ಹೆಸರು, ಆಟದ ಹೆಸರು ಬರೀರಿ. ಹೇಳಿಕೊಟ್ಟವರು ಒಪ್ಪಿದ್ರೆ ಅವರ ಹೆಸರನ್ನೂ ಬರೀರಿ. ದಿಬ್ಬದ ಜಟ್ಟಿಗೆ, ಶಿಲ್ಪಿಗೆ ಸಿಗದೇ ಇದ್ದದ್ದು ಅದೊಂದೇ.

ಆಮೇಲೆ ಫೋನ್ ಬದಿಗಿಟ್ಟು, ಕಟ್ಟೆ ಮೇಲೆ ಐದಕ್ಕೆ ಐದು ಮನೆ ಬರೆದು, ನಾಲ್ಕು ಹುಣಸೆ ಬೀಜ ತಗೊಂಡು ಅಜ್ಜಿ ಎದುರಿಗೆ ಕೂತ್ಕೊಳ್ರಿ. ಸೋಲ್ತೀರಿ, ಗ್ಯಾರಂಟಿ.

ನಿಮ್ಮ ಕಡೆ ಯಾವ ಆಟಕ್ಕೆ ಏನಂತಾರೆ? ಕಾಮೆಂಟಲ್ಲಿ ಊರಿನ ಹೆಸರಿನ ಜೊತೆ ಬರೀರಿ.

#ನಮ್ಮವಿಜಯನಗರ #ಕೂಡ್ಲಿಗಿ #ಕೊಟ್ಟೂರು #ಹಗರಿಬೊಮ್ಮನಹಳ್ಳಿ #ಹಡಗಲಿ #ಹರಪನಹಳ್ಳಿ #ಹುಲಿಕುರಿ #ಚೌಕಾಬಾರ #ನೆಲನೋಡ್ರಿ